ಪೂಜಾರಪ್ಪ ಹೂ ಕೇಳದ ದಿನ

ಪೂಜಾರಪ್ಪನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಅರಿಶಿನದ ಬಣ್ಣದಲ್ಲೇ ಇರುತ್ತಿತ್ತು. ಜಕ್ಕೂರಿನ ನಮ್ಮ ಮಾರಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಿದ್ದ ಬೆರಳದು. ಬಲಗಡೆಯ ಹೂ ಮೊದಲು ಬಿದ್ದರೆ ತಾಯಿ ಒಪ್ಪಿದಳು, ಎಡಗಡೆಯದು ಬಿದ್ದರೆ ಬೇಡವೆಂದಳು. ಸೈಟು ಮಾರುವುದಕ್ಕೂ ಹೆಣ್ಣು ನೋಡುವುದಕ್ಕೂ ಊರೇ ಅವರೆದುರು ಕೈಕಟ್ಟಿ ನಿಲ್ಲುತ್ತಿತ್ತು.

ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅವರಿಂದ, ಸುಳ್ಳು ಹೇಳುವುದಿಲ್ಲ. ಅಪ್ಪ ಹೂ ಕೇಳಿಸಿದಾಗ ಬಿದ್ದದ್ದು ಎಡಗಡೆಯದು. ಪೂಜಾರಪ್ಪ ನನ್ನ ಮುಖ ನೋಡಿದರು. "ಇದು ಫ್ಯಾನ್ ಗಾಳಿಗ್ ಬಿದ್ದಿದ್ದು ಕಣಪ್ಪ, ಲೆಕ್ಕಕ್ಕಿಲ್ಲ" ಎಂದು ಫ್ಯಾನ್ ಆರಿಸಿ ಮತ್ತೆ ಅಂಟಿಸಿದರು. ಬಲಗಡೆಯದು ಬಿತ್ತು.

ಕೆಲವು ವರ್ಷಗಳ ಮೇಲೆ ಅವ್ವನ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ತಡಮಾಡದೆ ಆಪರೇಷನ್ ಆಗಬೇಕೆಂದರು ಡಾಕ್ಟರು. ಅವ್ವ, "ಮಾರಮ್ಮ ಊವ ಕೊಡ್ಲಿ, ಆಮೇಲ್ ನೋಡನ" ಎಂದಳು. ಮೂರು ಮಂಗಳವಾರವೂ ಎಡಗಡೆಯದೇ ಬಿತ್ತು. ಮೂರನೆಯ ಸಲ ನಾನೇ ಪೂಜಾರಪ್ಪನ ಬಳಿ ಹೋಗಿ ಬೇಡಿಕೊಂಡೆ.

"ಗಾಳಿಗ್ ಬಿತ್ತು ಅಂತ ಹೇಳ್ಬಿಡಿ. ನನ್ನ ಕಾಲೇಜಿಗೆ ಹೇಳಿದ್ರಲ್ಲ?"

"ಅದು ಓದಿನ ಇಸ್ಯ ಕಣವ್ವ. ಇದು ಪ್ರಾಣ. ತಾಯಿ ಮಾತು ತಿದ್ದಕ್ಕೆ ನಾನ್ ಯಾರು?"

ಎಂಥ ವಿನಯ! ಓದಿಗೆ ತಿದ್ದಬಹುದಾದ ಮಾತನ್ನು ಪ್ರಾಣಕ್ಕೆ ತಿದ್ದಬಾರದಂತೆ. ಅವ್ವ ಮನೆಯಲ್ಲೇ ಕೂತಳು, ಗಡ್ಡೆ ಸುಮ್ಮನೆ ಕೂರಲಿಲ್ಲ. ಆರು ತಿಂಗಳಿಗೆ ಹೋದಳು.

ಮರುವರ್ಷ ಪೂಜಾರಪ್ಪನಿಗೆ ಎದೆನೋವು ಬಂತು. ನೆಟ್ಟಗೆ ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡರು. ನಾನು ಎಳನೀರು ಹಿಡಿದುಕೊಂಡು ಹೋದೆ, ಕೇಳಲೆಂದೇ ಹೋದೆ.

"ನೀವು ಹೂ ಕೇಳಿದ್ರಾ?"

ಅವರು ಗೋಡೆಯ ಕಡೆ ತಿರುಗಿದರು. "ಇಲ್ಲ ಕಣವ್ವ. ಎಡಕ್ ಬಿದ್ದುಬಿಟ್ರೆ ಅಂತ ಎದ್ರಿಕೆ ಆಯ್ತು."

ಮೈಯೆಲ್ಲ ಉರಿದುಹೋಯಿತು. ಹೆದರಿಕೆ ಅವ್ವನಿಗೂ ಇತ್ತಲ್ಲ. ಅವಳ ಹೆದರಿಕೆಗೆ ಮಾರಮ್ಮನನ್ನು ತೋರಿಸಿದ ಮನುಷ್ಯ, ತನ್ನ ಹೆದರಿಕೆಗೆ ಆಂಬುಲೆನ್ಸ್ ಕರೆಸಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಪೂಜಾರಪ್ಪ ಕಾಯಿಲೆಯವರಿಗೆ ಹೂ ಕೇಳುವುದನ್ನೇ ಬಿಟ್ಟರು. "ಮೊದ್ಲು ಆಸ್ಪತ್ರೆಗ್ ಓಗ್ರಪ್ಪ" ಎಂದು ಗುಡಿಯ ಬಾಗಿಲಲ್ಲೇ ಅಟ್ಟುತ್ತಿದ್ದರು. ಎಷ್ಟು ಜನ ಉಳಿದರೋ, ಊರು ಅವರನ್ನು ಕೊಂಡಾಡಿತು. ಅವರಿಗೆ ಬುದ್ಧಿ ಬಂತು, ನನ್ನ ಅವ್ವ ಬರಲಿಲ್ಲ.

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಬಾರದು ಅಂದುಕೊಂಡಿದ್ದೆ, ಹೋದೆ. ಹಿಡಿ ಮಣ್ಣು ಹಾಕುವಾಗ ಅಳು ಒತ್ತರಿಸಿಕೊಂಡು ಬಂತು. ಆ ಅಳುವಿನ ಮೇಲೂ ನನಗೆ ಸಿಟ್ಟು ಬಂತು.