ವೀಣಾ ಟೀಚರ್ ಅವರ ಗುಡ್ಡದ ಸೈಕಲ್

ಕೊರೋನಾ ಕಳೆದು ಶಾಲೆಗಳು ಮತ್ತೆ ತೆರೆದ ಮರುವರ್ಷದ ಮಾತಿದು. ಆಗಲೂ ನಾನು ಬ್ಯಾಡಗಿಯಲ್ಲಿ, ಸ್ಟೇಷನ್ನಿನಿಂದ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ನಮ್ಮ ಸೈಕಲ್ ಅಂಗಡಿ ನಡೆಸುತ್ತಿದ್ದೆ. ಮೊಮ್ಮಕ್ಕಳೇ, ಅಂಗಡಿ ನಿಮ್ಮ ಅಜ್ಜನದು. ಅವರು ತೀರಿಕೊಂಡ ಮೇಲೆ ಅದನ್ನು ಮುಚ್ಚುವುದೇ ಸರಿ ಎಂದು ಎಲ್ಲರೂ ಹೇಳಿದರು. ನಾನು ಯಾರಿಗೂ ಎದುರು ಮಾತನಾಡಲಿಲ್ಲ. ಒಂದು ಬೆಳಿಗ್ಗೆ ಸುಮ್ಮನೆ ಹೋಗಿ ಬಾಗಿಲು ತೆಗೆದೆ. ಮೋಟೆಬೆನ್ನೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಗಿರಾಕಿಯ ಮುಖ ನೋಡಿ ಮಾತನಾಡುವುದನ್ನು ಕಲಿಯಲು ನನಗೆ ಪಂಕ್ಚರ್ ಹಾಕುವುದನ್ನು ಕಲಿತದ್ದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಯಿತು.

ನಮ್ಮಲ್ಲಿಗೆ ಬರುತ್ತಿದ್ದವು ಹಮಾಲರ ದೊಡ್ಡ ಸೈಕಲ್ಲುಗಳು, ಶಾಲೆಯ ಹುಡುಗಿಯರ ಸೈಕಲ್ಲುಗಳು, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳು. ಚೈನು ಕಿರ್ರೆಂದರೆ ಎಣ್ಣೆ, ಪೆಡಲ್ ಬಿಗಿಯಾದರೆ ಎಣ್ಣೆ, ತುಕ್ಕು ಹಿಡಿದರೆ ಎಣ್ಣೆ. ಈ ಕೆಲಸದಲ್ಲಿ ಎಣ್ಣೆ ಡಬ್ಬಿ ಕೈಯಲ್ಲಿದ್ದರೆ ಅರ್ಧ ಧೈರ್ಯ ಬಂದ ಹಾಗೆ.

ಅಂಥ ಅಂಗಡಿಗೆ ವೀಣಾ ಟೀಚರ್ ಒಂದು ಶನಿವಾರ ಆ ಸೈಕಲ್ ತಳ್ಳಿಕೊಂಡು ಬಂದರು. ಅವರು ಊರಿನ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರ್. ತವರು ತುಂಗಭದ್ರೆಯ ದಂಡೆಯ ಐರಣಿ. ಹುಡುಗಿಯಾಗಿದ್ದಾಗ ಕ್ರೀಡಾ ಹಾಸ್ಟೆಲ್ಲಿನಲ್ಲಿದ್ದು ರೇಸಿನಲ್ಲಿ ಸೈಕಲ್ ಓಡಿಸಿದವರು. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ ಅದೆಲ್ಲ ನಿಂತಿತ್ತು. ಹಾಸ್ಟೆಲ್ಲಿನ ಹಳೆಯ ಗೆಳತಿಯೊಬ್ಬಳು ರೇಸು ಬಿಟ್ಟಾಗ ಅವಳ ಸೈಕಲ್ಲನ್ನು ಇವರು ಕೊಂಡುಕೊಂಡಿದ್ದರು.

"ಅಕ್ಕಾರ, ಸ್ವಲ್ಪ ಗಾಳಿ ನೋಡಬೇಕಾಗಿತ್ರಿ" ಎಂದರು.

ನಾನು ಪಂಪು ತೆಗೆದುಕೊಂಡು ಚಕ್ರದ ಹತ್ತಿರ ಕುಳಿತೆ.

"ಚಕ್ರದ್ದಲ್ರಿ, ಶಾಕಿನ ಗಾಳಿ" ಎಂದು ನಕ್ಕರು.

ಆಗ ನಾನು ಸೈಕಲ್ಲನ್ನು ಸರಿಯಾಗಿ ನೋಡಿದೆ. ಅದಕ್ಕೆ ಫುಲ್ ಸಸ್ಪೆನ್ಶನ್ ಕ್ರಾಸ್ ಕಂಟ್ರಿ ಮೌಂಟೇನ್ ಬೈಕ್ ಎನ್ನುತ್ತಾರೆ. ಕ್ರಾಸ್ ಕಂಟ್ರಿ ಎಂದರೆ ಗುಡ್ಡ, ಹೊಲ, ಕಾಲುದಾರಿಗಳಲ್ಲಿ ಹತ್ತಿ ಇಳಿದು ದೂರ ಹೋಗಲೆಂದು ಮಾಡಿದ್ದು. ಫುಲ್ ಸಸ್ಪೆನ್ಶನ್ ಎಂದರೆ ಮುಂದೆಯೂ ಹಿಂದೆಯೂ ಕುಲುಕಾಟ ನುಂಗುವ ವ್ಯವಸ್ಥೆ ಇರುವುದು. ಮುಂದಿನ ಫೋರ್ಕಿನ ಕೊಳವೆಗಳು ಒಂದರೊಳಗೊಂದು ಜಾರುತ್ತವೆ. ಹಿಂದಿನ ಚಕ್ರ ಫ್ರೇಮಿಗೆ ನೇರವಾಗಿ ಅಂಟಿಕೊಂಡಿಲ್ಲ. ಅದಕ್ಕೇ ಬೇರೆ ತೋಳಿದೆ, ಆ ತೋಳು ಕೀಲುಗಳ ಮೇಲೆ ಆಡುತ್ತದೆ, ನಡುವೆ ಅಂಗೈಯುದ್ದದ ಶಾಕ್ ಇದೆ. ಅದರೊಳಗೆ ಸ್ಪ್ರಿಂಗ್ ಇಲ್ಲ, ಬರೀ ಗಾಳಿ. ಸವಾರರ ತೂಕ ನೋಡಿ ಆ ಗಾಳಿ ತುಂಬಬೇಕು.

ಸೀಟಿನ ಮೇಲೆ ಕೈಯಿಟ್ಟು ಒತ್ತಿದೆ. ಸೈಕಲ್ ಉಸಿರು ಬಿಟ್ಟ ಹಾಗೆ ಮೆಲ್ಲಗೆ ಕುಸಿದು, ಕೈ ತೆಗೆದೊಡನೆ ಸದ್ದಿಲ್ಲದೆ ಎದ್ದು ನಿಂತಿತು. ಇನ್ನೊಮ್ಮೆ ಒತ್ತಿದೆ. ಟೀಚರ್ ನೋಡುತ್ತಿದ್ದಾರೆಂದು ನಾಚಿಕೆಯಾಯಿತು, ಆದರೂ ಮತ್ತೊಮ್ಮೆ ಒತ್ತಿದೆ. ಇಷ್ಟು ವರ್ಷ ನಾನು ಕೈಯಾಡಿಸಿದ ಯಾವ ಸೈಕಲ್ಲೂ ನನಗೆ ಹಾಗೆ ಉತ್ತರ ಕೊಟ್ಟಿರಲಿಲ್ಲ.

ಟೈರಿನೊಳಗೆ ಟ್ಯೂಬೂ ಇರಲಿಲ್ಲ. ಟೀಚರ್ ಒಂದು ಜಾಲಿಮುಳ್ಳನ್ನು ನನ್ನ ಕಣ್ಣೆದುರೇ ಕಿತ್ತರು. ಬಿಳಿಯ ಹಾಲಿನಂಥ ದ್ರವ ಚಿಮ್ಮಿತು, ಎರಡು ಸುತ್ತು ಚಕ್ರ ತಿರುಗುವಷ್ಟರಲ್ಲಿ ತೂತು ತಾನಾಗಿಯೇ ಮುಚ್ಚಿಕೊಂಡಿತು. ಪಂಕ್ಚರಿನಿಂದಲೇ ಹೊಟ್ಟೆ ಹೊರೆದ ನಾನು ಬಾಯಿ ತೆರೆದು ನೋಡಿದೆ. "ಎಲ್ಲಾ ಸೈಕಲ್ ಹಿಂಗ ಆದ್ರ ನಾ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗಬೇಕಾಗ್ತೈತಿ ನೋಡ್ರಿ" ಎಂದೆ. ಗಿರಾಕಿಯೊಬ್ಬರ ಮುಂದೆ ನಾನು ಮಾಡಿದ ಮೊದಲ ತಮಾಷೆ ಅದು ಎಂದು ಕಾಣುತ್ತದೆ.

ಟೀಚರ್ ಅವರ ಅತ್ತೆ ಗಂಗವ್ವನವರೂ ಆ ಸೈಕಲ್ಲಿಗೆ ಮರುಳಾಗಿದ್ದರು. ಒಕ್ಕಲುತನದ ಮನೆಯ ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ರಾತ್ರಿ ಅದನ್ನು ಹೊರಗೆ ಬಿಡದೆ ಜೋಳದ ಚೀಲಗಳ ಪಕ್ಕದಲ್ಲಿ ನಿಲ್ಲಿಸಿ ತಮ್ಮ ಹಳೆಯ ಸೀರೆ ಹೊದಿಸುತ್ತಿದ್ದರು. ಬೀದಿಯಲ್ಲಿ ಯಾರಾದರೂ ಸೊಸೆಯನ್ನು ನೋಡಿ ನಕ್ಕರೆ, "ನಿನಗ ಬರ್ತೈತೇನೊ ಹತ್ತಾಕ? ನನ್ನ ಸೊಸಿ ಕುದರಿ ಅದು, ಸರಿ ಆಚಿ" ಎಂದು ಗದರುತ್ತಿದ್ದರು.

ಆ ವರ್ಷದ ಮಹಾನವಮಿಗೆ ಟೀಚರ್ ಐರಣಿಗೆ ಹೋಗಿದ್ದರು. ಹಬ್ಬ ಮುಗಿಸಿ ಬಂದವರು ಮರುದಿನ ಬೆಳಿಗ್ಗೆ, ಮೋಟೆಬೆನ್ನೂರಿನ ದಾರಿಯಲ್ಲಿ ಕಲ್ಲು ತೆಗೆದು ಬಿಟ್ಟ ಗುಡ್ಡಕ್ಕೆ ಸೈಕಲ್ ಒಯ್ದರು. ಇಳಿಜಾರಿನ ಬುಡದ ತಿರುವಿನಲ್ಲಿ ಸೈಕಲ್ ನಿಲ್ಲಲಿಲ್ಲ. ಜಾಲಿಕಂಟಿಯೊಳಗೆ ಹೋಗಿ ಬಿದ್ದರು. ಎಡಗೈಯ ಎಲುಬು ಬಿರುಕು ಬಿಟ್ಟಿತು, ಮುಖ ತರಚಿತು. ರಕ್ತ ಸುರಿಸಿಕೊಂಡು ಮನೆಗೆ ಬಂದ ಸೊಸೆಯನ್ನು ಮೊದಲು ಕಂಡವರು ಗಂಗವ್ವನವರೇ.

ಆ ಗುರುವಾರ ಗಂಗವ್ವನವರು ತಾವೇ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದರು. ಹಿಂದೆ ಕೈಗೆ ಪಟ್ಟಿ ಕಟ್ಟಿಕೊಂಡ ಟೀಚರ್.

"ನೀಲವ್ವ, ಇದನ್ನ ತೊಳದು ಒರಸಿಡು. ಭಾನುವಾರ ದಾವಣಗೆರಿಯವರು ಬಂದು ಕೊಂಡು ಒಯ್ತಾರ. ಈ ಮಾರಿ ನಮ್ಮ ಮನಿಯಾಗ ಬ್ಯಾಡ."

ನಾನು ಟೀಚರ್ ಮುಖ ನೋಡಿದೆ. ಅವರು ಸೈಕಲ್ಲಿನ ಕಡೆ ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದರು.

"ಬ್ರೇಕ್ ಹಿಡೀಲಿಲ್ಲೇನ್ರಿ ಟೀಚರ್?" ಎಂದೆ.

"ಹಂಗೇನಿಲ್ರಿ ಅಕ್ಕಾರ. ನನ್ನ ಕೈ ತಪ್ಪಿತು."

"ಕೇಳಿದೇನ?" ಎಂದರು ಗಂಗವ್ವನವರು. "ಕೈ ತಪ್ಪುವಂಥ ಸೈಕಲ್ ಯಾಕ ಬೇಕು?"

ಅವರು ಹೋದ ಮೇಲೆ ಬ್ರೇಕ್ ನೋಡಿದೆ. ಅದರದು ಡಿಸ್ಕ್ ಬ್ರೇಕ್. ಚಕ್ರದ ನಡುವೆ ತೂತುಗಳಿರುವ ತೆಳ್ಳನೆಯ ಉಕ್ಕಿನ ತಟ್ಟೆ ತಿರುಗುತ್ತದೆ, ಹಿಡಿಕೆ ಒತ್ತಿದರೆ ಎರಡು ಪ್ಯಾಡುಗಳು ಆಚೀಚೆಯಿಂದ ಅದನ್ನು ಕಚ್ಚುತ್ತವೆ. ಹಿಡಿಕೆ ಗಟ್ಟಿಯಾಗಿತ್ತು. ಎಂದರೆ ಒಳಗಿನ ದ್ರವ ಸೋರಿರಲಿಲ್ಲ. ಆದರೂ ಹಿಡಿಕೆ ಒತ್ತಿ ಹಿಡಿದು ಸೈಕಲ್ ತಳ್ಳಿದರೆ ಚಕ್ರ ಜಾರಿ ಮುಂದೆ ಹೋಗುತ್ತಿತ್ತು. ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿರುವುದು ಯಾಕೆ ಹಿಡಿಯುತ್ತಿಲ್ಲ ಎಂದು ನನಗೆ ತಿಳಿಯಲಿಲ್ಲ. ಏನೂ ತಿಳಿಯದಾಗ ಮಾಡುವುದನ್ನೇ ಮಾಡಲು ಹೊರಟೆ. ಎಣ್ಣೆ ಡಬ್ಬಿಗೆ ಕೈ ಹಾಕಿದೆ.

ಏನೋ ಅಳುಕಾಗಿ, ಮೊದಲು ಹುಬ್ಬಳ್ಳಿಯಲ್ಲಿ ಇಂಥ ಸೈಕಲ್ ರಿಪೇರಿ ಮಾಡುವವರೊಬ್ಬರಿಗೆ ಫೋನು ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವರು ಕೂಗಿದರು: "ಎಣ್ಣಿ ಅದರ ಹತ್ರ ಒಯ್ಯಬ್ಯಾಡ್ರಿ ಅಕ್ಕಾರ! ಒಂದು ಹನಿ ಬಿದ್ರೂ ಪ್ಯಾಡ್ ಹೀರಿಕೊಂಡು ಬಿಡ್ತೈತಿ, ಬ್ರೇಕ್ ಹೋದಂಗ. ಪ್ಯಾಡ್ ತಗದು ಮೂಸಿ ನೋಡ್ರಿ."

ಪ್ಯಾಡ್ ತೆಗೆದು ಮೂಸಿದೆ. ಕುಸುಬಿ ಎಣ್ಣೆ, ಒಗ್ಗರಣೆಗೆ ಕಾಯಿಸಿದ ಹಾಗೆ ಸುಟ್ಟ ವಾಸನೆ. ದೀಪದ ಬೆಳಕಿಗೆ ಹಿಡಿದರೆ ತಟ್ಟೆಯ ತೂತುಗಳ ಅಂಚಿನಲ್ಲಿ ಕುಂಕುಮ ಒಣಗಿ ಕುಳಿತಿತ್ತು.

ನಿಮಗೆ ಗೊತ್ತಿದೆ, ನಮ್ಮ ಕಡೆ ಮಹಾನವಮಿಯಲ್ಲಿ ಆಯುಧಗಳಿಗೆ ಖಂಡೇಪೂಜೆ ಮಾಡುವ ದಿನ ಕುಡುಗೋಲು, ಕಳೆ ತೆಗೆಯುವ ಕುರ್ಚಿಗೆ, ನೇಗಿಲ ಕುಳ ಎಲ್ಲವನ್ನೂ ತೊಳೆದು, ತುಕ್ಕು ಹಿಡಿಯದಂತೆ ಎಣ್ಣೆ ಒರೆಸಿ, ಆಮೇಲೆ ವಿಭೂತಿ ಕುಂಕುಮ ಹಚ್ಚುತ್ತಾರೆ. ಆ ಸೈಕಲ್ಲಿನಲ್ಲಿ ಬಣ್ಣವಿಲ್ಲದೆ ಬರಿಯ ಉಕ್ಕಾಗಿ ಹೊಳೆಯುತ್ತಿದ್ದದ್ದು ಆ ಎರಡು ತಟ್ಟೆಗಳು. ಒಕ್ಕಲುತನದ ಕೈ ಅವನ್ನು ಒರೆಸದೆ ಹೇಗೆ ಬಿಟ್ಟೀತು?

ಆ ಸಂಜೆ ಕುಳಿತು ಯೋಚಿಸಿದೆ. ಹೇಳದೆ ಸರಿಮಾಡಿ ಕೊಟ್ಟರೆ ಸೈಕಲ್ ದಾವಣಗೆರೆಗೆ ಹೋಗುತ್ತದೆ, ಅದು ಕೆಟ್ಟದ್ದೆಂಬ ಮಾತು ಈ ಮನೆಯಲ್ಲಿ ಉಳಿಯುತ್ತದೆ, ಟೀಚರ್ ಇನ್ನೊಂದನ್ನು ಎಂದೂ ತರಲಾರರು. ಹೇಳಿದರೆ, ಸೊಸೆಯ ಮೇಲೆ ಜೀವವಿಟ್ಟುಕೊಂಡ ಹಿರಿಯರಿಗೆ "ನೀವೇ ಕೆಡವಿದಿರಿ" ಎಂದ ಹಾಗೆ. ಗಂಗವ್ವನವರ ಮುಂದೆ ನಿಂತು ನಾನು ಅದನ್ನು ಹೇಳುವುದೇ?

ಮರುದಿನ ಅವರನ್ನು ಒಬ್ಬರನ್ನೇ ಕರೆಸಿದೆ. ಮಾತು ಸುತ್ತಿ ಬಳಸಿ, "ಹಬ್ಬದಾಗ ಇದಕ್ಕೂ ಪೂಜಿ ಮಾಡಿದ್ರೇನ್ರಿ?" ಎಂದು ಕೇಳಿದೆ.

"ಮಾಡದ ಬಿಡ್ತೀನೇನು? ನಿನ್ನಂಗ ಹೂವೇರಿಸಿ ಕೈ ತೊಳಕೊಳ್ಳಾಕಿ ಅಲ್ಲ ನಾ. ಕುಡಗೋಲ ಒರಸಿದಂಗ ಒರಸೇನಿ, ಥಳಥಳ ಅನ್ನೂಹಂಗ."

ಪ್ಯಾಡನ್ನು ಅವರ ಅಂಗೈಯಲ್ಲಿಟ್ಟು, "ಮೂಸಿ ನೋಡ್ರಿ" ಎಂದೆ. ಅವರು ಮೂಸಿದರು. ಹಿಡಿಕೆ ಒತ್ತಿ ಸೈಕಲ್ ತಳ್ಳಿಸಿದೆ. ಚಕ್ರ ಜಾರಿತು. ಆಗ ಹೇಳಿದೆ: "ಇದು ತಿಕ್ಕಾಡಿ ನಿಲ್ಲೂ ಸಾಮಾನ್ರಿ. ಎಣ್ಣಿ ತಾಗಿದ್ರ ತಿಕ್ಕಾಟಾನ ಇರಂಗಿಲ್ಲ. ನಿನ್ನೆ ನಾನೂ ಡಬ್ಬಿಗೆ ಕೈ ಹಾಕಿದ್ದೆ."

ಗಂಗವ್ವನವರು ಅಂಗಡಿಯ ಕಟ್ಟೆಯ ಮೇಲೆ ಕುಳಿತರು. ಪ್ಯಾಡನ್ನು ಇನ್ನೊಮ್ಮೆ ಮೂಸಿ, "ಮಾಡಿಕೊಡು" ಎಂದರು. "ಆದ್ರ ಮೊದಲ ನೀ ಹತ್ತಿ ಅದ ಗುಡ್ಡ ಇಳಿಬೇಕು. ನಾ ಕಣ್ಣಿಂದ ನೋಡಬೇಕು. ಆಮ್ಯಾಲ ದಾವಣಗೆರಿ ಮಾತು."

ಹುಬ್ಬಳ್ಳಿಯಿಂದ ಹೊಸ ಪ್ಯಾಡುಗಳು ಸಂಜೆಯ ಬಸ್ಸಿನಲ್ಲಿ ಬಂದವು. ಔಷಧಿ ಅಂಗಡಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ. ಅದು ಜಿಡ್ಡನ್ನು ಬಿಡಿಸಿ ತಾನು ಆರಿಹೋಗುವ ಸ್ಪಿರಿಟ್. ಬಟ್ಟೆ ಬದಲಿಸುತ್ತ, ಹಳದಿ ಕಲೆ ಬರುವುದು ನಿಲ್ಲುವವರೆಗೆ ತಟ್ಟೆಗಳನ್ನು ಒರೆಸಿದೆ. ಹೊಸ ಪ್ಯಾಡ್ ಹಾಕಿದೊಡನೆ ಬ್ರೇಕ್ ಹಿಡಿಯುವುದಿಲ್ಲ. ವೇಗ ತೆಗೆದುಕೊಂಡು, ಪೂರ್ತಿ ನಿಲ್ಲಿಸದೆ, ಮತ್ತೆ ಮತ್ತೆ ಒತ್ತಿ ಪಳಗಿಸಬೇಕು. ರಿಪೇರಿಯಾದ ಸೈಕಲ್ಲುಗಳನ್ನು ಓಡಿಸಿ ನೋಡಿ ರೂಢಿಯಿದ್ದ ನಾನು ಬೆಳಗಾಗುತ್ತಲೇ ಅಂಗಡಿಯ ಹಿಂದಿನ ಬಯಲಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಆ ಕೆಲಸ ಮುಗಿಸಿದೆ.

ಗುಡ್ಡದಲ್ಲಿ ಮಾತ್ರ ನೋಡುವವರಿದ್ದರು. ಗಂಗವ್ವನವರು ಬುಡದ ತಿರುವಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ಟೀಚರ್. ನಾನು ಸೀರೆಯನ್ನು ನಾಟಿಗೆ ಇಳಿದವರಂತೆ ಕಚ್ಚೆ ಹಾಕಿ, ಸೆರಗು ಬಿಗಿದು, ಟೀಚರ್ ಹೆಲ್ಮೆಟ್ ತೊಟ್ಟಿದ್ದೆ. ನನ್ನ ವಯಸ್ಸಿನ ಹೆಂಗಸು ಹಾಗೆ ನಿಂತದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

"ಅಕ್ಕಾರ, ಮೊಣಕೈ ಸಡಲ ಬಿಡ್ರಿ!" ಎಂದು ಟೀಚರ್ ಕೆಳಗಿನಿಂದ ಕೂಗಿದರು. "ಅದರ ಕೆಲಸ ಅದಕ್ಕ ಮಾಡಾಕ ಬಿಡ್ರಿ!"

ಬಿಟ್ಟೆ. ಮಕ್ಕಳೇ, ಆ ಇಳಿಜಾರನ್ನು ನಾನು ಹೇಗೆ ಹೇಳಲಿ? ತೆಂಗಿನಕಾಯಿ ಗಾತ್ರದ ಕಲ್ಲುಗಳು ಎದುರಿಗೆ ಬರುತ್ತಿದ್ದವು. ಕಣ್ಣಿಗೆ ಕಾಣುತ್ತಿದ್ದವು, ಕೈಗೆ ತಾಗುತ್ತಿರಲಿಲ್ಲ. ಮುಂದಿನ ಚಕ್ರ ಏರುತ್ತಿತ್ತು, ಹಿಂದಿನದು ತನ್ನ ಪಾಡಿಗೆ ಏರಿ ಇಳಿಯುತ್ತಿತ್ತು, ನಡುವೆ ನಾನು ಹೊಳೆಯಲ್ಲಿ ಹರಿಗೋಲಿನ ಮೇಲೆ ಕುಳಿತವಳಂತೆ ತೇಲುತ್ತಿದ್ದೆ. ಮನುಷ್ಯರು ಇಂಥದೊಂದನ್ನು ಯೋಚಿಸಿ ಮಾಡಿದ್ದಾರೆ, ಅದರ ಮೇಲೆ ನಾನಿದ್ದೇನೆ ಎನ್ನುವುದನ್ನು ನಂಬಲಾಗಲಿಲ್ಲ. ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು. ತಿರುವು ಬಂದಾಗ ಎರಡೂ ಹಿಡಿಕೆಗಳನ್ನು ಬೆರಳ ತುದಿಯಿಂದ ಒತ್ತಿದೆ. ಸೈಕಲ್ ಮುಂದೆ ಬಾಗಿ, ಜಲ್ಲಿ ಕರಕರ ಎಂದು, ಗಂಗವ್ವನವರ ಕಾಲಿನಿಂದ ಮಾರು ದೂರದಲ್ಲಿ ನಿಂತಿತು.

ಅವರು ಬಗ್ಗಿ ತಟ್ಟೆ ಮುಟ್ಟಲು ಹೋದರು.

"ಮುಟ್ಟಬ್ಯಾಡ್ರಿ, ಸುಡ್ತೈತಿ!" ಎಂದೆ.

ಅವರು ನೆಟ್ಟಗಾಗಿ ಸೊಸೆಯ ಕಡೆ ತಿರುಗಿದರು. "ವೀಣಾ, ಅವತ್ತ ನಿನ್ನ ಕೈ ತಪ್ಪಿಲ್ಲ. ನಾ ಎಣ್ಣಿ ಹಚ್ಚಿದ್ದೆ ಇದಕ್ಕ."

ಟೀಚರ್ ತಲೆ ತಗ್ಗಿಸಿದರು. "ಗೊತ್ತೈತ್ರಿ ಅತ್ತಿ. ಬಿದ್ದಲ್ಲೇ ವಾಸನಿ ಬಂದಿತ್ತು."

"ಗೊತ್ತಿದ್ದೂ ಮಾರಾಕ ಹೂಂ ಅಂದೇನ?"

"ನಾ ಇಲ್ಲದಾಗ ನೀವು ಅಷ್ಟು ಪ್ರೀತೀಲೆ ಪೂಜಿ ಮಾಡಿದ್ರಿ. ಅದರಿಂದ ಬಿದ್ದೆ ಅಂತ ಯಾವ ಬಾಯಿಲೆ ಹೇಳ್ಲಿ?"

ಗಂಗವ್ವನವರು ಒಮ್ಮೆಲೇ ಸಿಡಿದರು: "ಹುಚ್ಚಿ! ನೀ ಹೇಳದಿದ್ರ ಮುಂದಿನ ವರ್ಷ ನಿನ್ನ ಗಂಡನ ಮೋಟರ್ ಸೈಕಲ್ಲಿಗೂ ಹಚ್ಚತಿದ್ದೆ ನಾ! ಅದಕ್ಕೂ ಇಂಥದ ತಟ್ಟಿ ಅದಾವಲ್ಲ! ಮಾಸ್ತರಿಕಿ ಮಾಡ್ತೀಯಂತ, ಅತ್ತಿಗೆ ಒಂದು ಮಾತು ಕಲಸಾಕ ಬರಲಿಲ್ಲ?" ಬೈಯುತ್ತಲೇ ಸೊಸೆಯ ಪಟ್ಟಿ ಕಟ್ಟಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಟೀಚರ್ ನಗುತ್ತಿದ್ದರೋ ಅಳುತ್ತಿದ್ದರೋ ನಾನು ನೋಡಲಿಲ್ಲ. ನಾನು ಆಚೆ ತಿರುಗಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದೆ. ಸೈಕಲ್ ಮಾರುವುದಿಲ್ಲ ಎಂದು ದಾವಣಗೆರೆಯವರಿಗೆ ಗುಡ್ಡದ ಬುಡದಿಂದಲೇ ಫೋನು ಹೋಯಿತು.

ಕೈ ಕೂಡಿದ ಮೇಲೆ ಟೀಚರ್ ಮತ್ತೆ ಸವಾರಿ ಹೊರಟರು. ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ನಾನು ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಆ ಹಿಂದಿನ ಚಕ್ರ ಆಡುವುದನ್ನು ನೋಡುತ್ತಿದ್ದೆ. ಆ ಬೆರಗು ನನಗೆ ಇನ್ನೂ ಆರಿಲ್ಲ.

ಈ ಕೆಲಸ ನನಗೆ ಕಲಿಸಿದ್ದನ್ನು ನಿಮಗೆ ಹೇಳಬೇಕೆಂದೇ ಇಷ್ಟು ಬರೆದೆ. ಸುಮ್ಮನಿರುವುದು ಮರ್ಯಾದೆ ಎಂದು ನಾನೂ ನಂಬಿದ್ದೆ, ಟೀಚರೂ ನಂಬಿದ್ದರು. ಆದರೆ ಬ್ರೇಕ್ ಯಾಕೆ ಹೋಯಿತು ಎಂದು ಹೇಳದೆ ಬರೀ ಬ್ರೇಕ್ ಸರಿಮಾಡಿ ಕೊಟ್ಟರೆ ರಿಪೇರಿ ಮುಗಿಯುವುದಿಲ್ಲ. ಅಂದಿನಿಂದ ನಾನು ಸೈಕಲ್ ಕೈಗೆ ಕೊಡುವಾಗ ಗಿರಾಕಿಯ ಮುಖ ನೋಡಿ, ಏನಾಗಿತ್ತು ಎಂಬುದನ್ನು ಹೇಳಿಯೇ ಕೊಡುತ್ತೇನೆ. ಈಗಲೂ ಧ್ವನಿ ಸ್ವಲ್ಪ ನಡುಗುತ್ತದೆ. ಆದರೂ ಹೇಳುತ್ತೇನೆ.