ಸವತಿಯ ಪಾಲಿನ ಕಥೆ

ತಬಾವಾ ಆ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಾಗ ಅವಳಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ. ಗಂಡ ಅಲ್ಹಾಜಿ ಸಗೀರು ಕಾನೋ ಊರಿನ ಹಳೇಪೇಟೆಯ ಬಟ್ಟೆ ವ್ಯಾಪಾರಿ. ಕೆಟ್ಟವನೇನಲ್ಲ, ಹೊಟ್ಟೆಬಟ್ಟೆಗೆ ಕಡಿಮೆ ಮಾಡಲಿಲ್ಲ, ಕೈ ಎತ್ತಲಿಲ್ಲ. ಆದರೆ ಅವನ ಹೆಂಡಂದಿರು ಹೊಸಿಲು ದಾಟುವಂತಿರಲಿಲ್ಲ. ಮದುವೆ, ನಾಮಕರಣ, ಆಸ್ಪತ್ರೆ, ಇಷ್ಟಕ್ಕೇ ಅಪ್ಪಣೆ. ಮಣ್ಣಿನ ಗೋಡೆಯಾಚೆ ಬೀದಿಯ ಬೇವಿನ ಮರದ ತುದಿಯಷ್ಟೇ ಕಾಣುತ್ತಿತ್ತು. ಶಾಲೆ ಬಿಡಿಸಿದ ಹುಡುಗಿ ಅದನ್ನೇ ನೋಡುತ್ತ ವರ್ಷಗಳನ್ನು ಕಳೆದಳು.

ಹಿರಿಯ ಹೆಂಡತಿ ದೇಲುವಿನ ನಾಲಿಗೆ ಕತ್ತಿ. ಮುದ್ದೆ ಗಂಟಾದರೆ, "ನಿಮ್ಮವ್ವ ಪುಸ್ತಕ ಬೇಯಿಸೋದು ಕಲಿಸಿದ್ಲೇನೆ?" ಅನ್ನುವಳು. ಆ ಸಿಟ್ಟನ್ನೆಲ್ಲ ತಬಾವಾ ಬರವಣಿಗೆಗೆ ಇಳಿಸಿದಳು. ಎಳೆಯ ಹೆಂಡತಿಯನ್ನು ಹುರಿದು ಮುಕ್ಕುವ ಸವತಿಯ ಕಥೆ ಅದು. ಮನೆಮನೆಗೆ ಕಡಲೆಕಾಯಿ ಉಂಡೆ ಮಾರುವ ಮುದುಕಿ ಅಜುಮಿ ಬಂದಾಗ ಅವಳಿಗೆ ಓದಿ ಹೇಳುವಳು. ಅಜುಮಿ ಬುಟ್ಟಿ ಇಳಿಸಿ ಕೂತು, ಆ ಸವತಿಗೆ ಬಾಯ್ತುಂಬ ಶಾಪ ಹಾಕುವಳು. ದೇಲು ಅತ್ತ ಅಲಸಂದೆ ಹಸನು ಮಾಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಅಜುಮಿ ಹೋದ ಮೇಲೆ ದೇಲು ಅಲಸಂದೆಯ ಮೊರದೊಂದಿಗೆ ಬಂದು ಪಕ್ಕದಲ್ಲಿ ಕೂತಳು.

"ಆ ಹೆಂಗಸು ನಾನೇ ತಾನೇ?"

ತಬಾವಾ ಹಾಳೆಗಳನ್ನು ಮಡಿಲಿಗೆಳೆದುಕೊಂಡಳು. "ಹೌದಕ್ಕ."

"ಮತ್ತೆ ಅರ್ಧಾನೇ ಯಾಕೆ ಬರ್ದಿದೀಯ? ಅವಳು ಹುಟ್ತಾನೇ ಬಾಯಿಬಡಕಿಯಾಗಿದ್ಲಾ?"

ಉಳಿದರ್ಧವನ್ನು ದೇಲುವೇ ಹೇಳಿದಳು. ತಬಾವಾ ಬಂದ ವಯಸ್ಸಿಗಿಂತ ಚಿಕ್ಕವಳಾಗಿದ್ದಾಗ ಅವಳನ್ನು ಈ ಮನೆಗೆ ತಂದದ್ದು. ತವರಿಗೆ ಓಡಿಹೋದವಳನ್ನು ಅಪ್ಪನೇ ರಟ್ಟೆ ಹಿಡಿದು ಮರಳಿ ಬಿಟ್ಟುಹೋದದ್ದು. ಹೆತ್ತ ಕೂಸುಗಳನ್ನೆಲ್ಲ ಮಣ್ಣಿಗೆ ಕೊಟ್ಟದ್ದು. ಹೊಸ ಹೆಂಡತಿ ಬರುವಾಗ ಅವಳ ಕೋಣೆಗೆ ಸುಣ್ಣ ಬಳಿದವಳೂ ತಾನೇ ಅಂದಳು. ಹೇಳುವಾಗ ಅವಳ ಕೈ ಅಲಸಂದೆಯಲ್ಲೇ ಇತ್ತು.

ತಬಾವಾ ಕಥೆಯನ್ನು ಮೊದಲಿಂದ ಬರೆದಳು. ಅಜುಮಿ ಅದನ್ನು ಉಂಡೆಗಳ ಕೆಳಗಿಟ್ಟು ತಬಾವಾಳ ಅಣ್ಣನಿಗೆ ತಲುಪಿಸಿದಳು. ಅವನು ಅಚ್ಚು ಹಾಕಿಸಿದ. ಪುಸ್ತಕ ಗೋಡೆಗಳ ಒಳಗಿನ ಹೆಂಗಸರ ಕೈಯಿಂದ ಕೈಗೆ ಓಡಾಡಿತು.

ಸುದ್ದಿ ಅಂಗಡಿಯಲ್ಲೇ ಅಲ್ಹಾಜಿಯ ಕಿವಿಗೆ ಬಿತ್ತು. ಅಂದು ಅವನು ಉಣ್ಣಲಿಲ್ಲ. ಬೈಯಲೂ ಇಲ್ಲ. ಅಜುಮಿಗೆ ಮಾತ್ರ ಆ ಬಾಗಿಲು ಮುಚ್ಚಿತು. ತಬಾವಾಗೆ ಬೀದಿಯ ಸುದ್ದಿ ತರುತ್ತಿದ್ದ ಒಂದೇ ಬಾಯಿಯೂ ಇಲ್ಲವಾಯಿತು.

ಆಮೇಲೆ ರೇಡಿಯೋದವರು ಪುಸ್ತಕದ ಬಗ್ಗೆ ಮಾತಾಡಲು ತಬಾವಾಳನ್ನು ಕರೆದರು. ಅಲ್ಹಾಜಿ ಒಪ್ಪಲಿಲ್ಲ. "ಹೆಸರು ಸಂತೆಗೆ ಹೋಗಿದ್ದು ಸಾಲದಾ, ದನೀನೂ ಹೋಗ್ಬೇಕಾ?"

"ಮುದುಕಿ ದನಿ ಹೋದ್ರೆ ಯಾರ ಮಾನ ಹೋಗುತ್ತೆ? ನಾನು ಹೋಗ್ತೀನಿ," ಎಂದು ದೇಲು ಮುಸುಕು ಹೊದ್ದಳು. ಆ ಊರಲ್ಲಿ ಮುಟ್ಟು ನಿಂತ ಹೆಂಗಸು ಹೊಸಿಲು ದಾಟಿದರೆ ತಡೆಯುವವರಿಲ್ಲ. ಅವನು ಮುಖ ತಿರುಗಿಸಿದ.

ತಬಾವಾ ಒಲೆಯ ಬಳಿ ರೇಡಿಯೋಗೆ ಕಿವಿಕೊಟ್ಟು ಕೂತಳು. "ನಾನು ಬೈದಿದ್ದನ್ನೆಲ್ಲ ಬರೆದ್ಲು," ಅನ್ನುತ್ತಿದ್ದಳು ದೇಲು, "ಅತ್ತಿದ್ದನ್ನೂ ಬರೆದ್ಲು. ನಾನತ್ತಿದ್ದನ್ನ ನಮ್ಮವ್ವನೂ ಕೇಳಿರ್ಲಿಲ್ಲ." ತಬಾವಾ ರೇಡಿಯೋದ ದನಿ ಹೆಚ್ಚಿಸಿದಳು. ತನ್ನ ಕಥೆ ಊರು ಸುತ್ತುತ್ತಿತ್ತು, ತಾನು ಮಾತ್ರ ಒಲೆಯ ಬಳಿ.

ದೇಲು ಮರಳಿದಾಗ ಮುಸುಕು ತೆಗೆಯಲೂ ಬಿಡದೆ ತಬಾವಾ ಕೇಳಿದಳು, ದಾರಿ ಹೇಗಿತ್ತು ಅಂತ.

"ಕಾಲು ನೋಯ್ತಿದೆ ಕಣೆ, ನೀರು ಕೊಡು ಮೊದ್ಲು."

ನೀರು ಕುಡಿದು ದೇಲು ಹೇಳತೊಡಗಿದಳು: ಚರ್ಮ ಹದ ಮಾಡುವವರ ಓಣಿಯ ವಾಸನೆ, ಮಾವಿನ ಗಾಡಿಗಳು, ದಾರಿ ಬಿಡದ ಆಡುಗಳು. ತಬಾವಾ ನಡುನಡುವೆ ತಡೆದು, ಎಡಕ್ಕೋ ಬಲಕ್ಕೋ ಎಂದು ಕೇಳುತ್ತ ಬರೆದುಕೊಂಡಳು.