ತಿಪ್ಪಕ್ಕನ ಕೈ

ತಿಪ್ಪಕ್ಕನ ಎಡಗೈ ರೋಗಿಯ ಭುಜದ ಮೇಲಿರುವವರೆಗೆ ಭಯವಿರಲಿಲ್ಲ. ಅದು ಮೆಲ್ಲಗೆ ತಲೆಯತ್ತ ಸರಿಯಿತೆಂದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಹಿರಿಯೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ, ಬಾಯಿಂದ ಟ್ಯೂಬು ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಕೋಣೆಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ನರ್ಸ್ ಅವರು. ತೀರಿಕೊಂಡು ವರ್ಷವಾಯಿತು. ನಮ್ಮಲ್ಲಿ ಮಂಪರಿನ ಇಂಜೆಕ್ಷನ್ ಕೊಡುತ್ತಿರಲಿಲ್ಲ. ಪರೀಕ್ಷೆ ಮುಗಿದರೆ ರೋಗಿಗಳು ತಾವೇ ಬಸ್ಸು ಹತ್ತಿ ಊರು ಸೇರಬೇಕಿತ್ತು. ಗಂಟಲು ಮರಗಟ್ಟಲು ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿದರೆ ಮಿಕ್ಕಿದ್ದೆಲ್ಲ ತಿಪ್ಪಕ್ಕನ ಮಾತೇ. “ಮೂಗ್ನಾಗೆ ಉಸಿರಾಡ್ರಿ. ಉಗುಳು ನುಂಗಬ್ಯಾಡ್ರಿ, ಹರೀಲಿ ಬಿಡ್ರಿ. ಎರಡೇ ನಿಮಿಷ.” ಟ್ಯೂಬು ಕಂಡು ಎದ್ದು ಓಡಲು ನೋಡಿದ ಗಟ್ಟಿ ಆಳುಗಳೂ ಆ ದನಿಗೆ ತೆಪ್ಪಗೆ ಮಲಗುತ್ತಿದ್ದರು.

ಮೊದಲ ದಿನವೇ ನನಗೆ ಪಾಠವಾಯಿತು. ಮಾರಿಕಣಿವೆಯಿಂದ ಬಂದ ಒಬ್ಬ ಮೀನುಗಾರರನ್ನು “ತಿಂಡಿ ತಿಂದಿದ್ದೀರಾ?” ಎಂದು ಕೇಳಿದೆ. “ಇಲ್ಲವ್ವ” ಎಂದರು. ತಿಪ್ಪಕ್ಕ ಬಾಗಿಲಲ್ಲೇ ನಿಂತು, “ಯಜಮಾನ್ರೆ, ಬೆಳಿಗ್ಗೆ ಏನ್ ತಿಂದ್ರಿ?” ಎಂದರು.

“ಒಂದಿಷ್ಟು ಮಂಡಕ್ಕಿ, ಎರಡು ಮೆಣಸಿನ್ಕಾಯಿ ಬಜ್ಜಿ, ಅಷ್ಟೇಯ.”

ಅವರನ್ನು ವಾಪಸ್ ಕಳಿಸಿ ನನ್ನತ್ತ ತಿರುಗಿದರು. “ತಿಂದ್ರಾ ಅಂದ್ರೆ ಎಲ್ರೂ ಇಲ್ಲ ಅಂತಾರೆ ಕಣವ್ವ. ಏನ್ ತಿಂದ್ರಿ ಅನ್ನು. ಹೊಟ್ಟೇಲಿರೋದು ಉಸಿರಿಗೆ ಹೋದ್ರೆ ಜೀವಕ್ಕೇ ಬರ್ತೈತೆ.”

ಕೈಯ ವಿಷಯ ಅವರು ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ. ಸಣ್ಣ ಹುಣ್ಣಾದರೆ ಡಾಕ್ಟರು ಆಗಲೇ ಬಾಯಿಬಿಟ್ಟು ಹೇಳುತ್ತಿದ್ದರು. ಗಡ್ಡೆಯಂಥ ಕೆಟ್ಟದ್ದು ಕಂಡರೆ ಮಾತಿಲ್ಲ. ಮಾಂಸದ ತುಣುಕು ತೆಗೆಯುವ ಚಿಮಟಕ್ಕಾಗಿ ಸುಮ್ಮನೆ ಕೈ ಚಾಚುತ್ತಿದ್ದರು. ಆಗಲೇ ತಿಪ್ಪಕ್ಕನ ಕೈ ರೋಗಿಯ ತಲೆ ಸವರತೊಡಗುತ್ತಿತ್ತು. ಪಾಪ, ರೋಗಿಗಳೆಲ್ಲ ಅದನ್ನು ಬರೀ ಅಕ್ಕರೆ ಅಂದುಕೊಳ್ಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ತಿಪ್ಪಕ್ಕನ ಡಬ್ಬಿಯಿಂದ ಮುದ್ದೆ ಮಾಯವಾಯಿತು. ಆಮೇಲೆ ಅನ್ನವೂ ಹೋಗಿ ಬರೀ ಗಂಜಿ ಉಳಿಯಿತು. ಸೀರೆಯ ಮೇಲೆ ಹಾಕುತ್ತಿದ್ದ ಬಿಳಿ ಕೋಟು ದೊಗಳೆಯಾಯಿತು. “ಗ್ಯಾಸು ಕಣವ್ವ” ಎಂದು ತೇಲಿಸಿಬಿಡುತ್ತಿದ್ದರು. ದಿನಕ್ಕೆ ಹತ್ತು ಜನರನ್ನು ಆ ಮಂಚಕ್ಕೆ ಹತ್ತಿಸುವವರು ತಾವು ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ನನಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಒಂದು ಬೆಳಿಗ್ಗೆ ಅವರದೇ ವಿದ್ಯೆ ಪ್ರಯೋಗಿಸಿದೆ: “ತಿಪ್ಪಕ್ಕ, ಬೆಳಿಗ್ಗೆ ಏನ್ ತಿಂದ್ರಿ?”

ನನ್ನನ್ನೇ ದಿಟ್ಟಿಸಿದರು. “ಎಲ್ಲಿ ಇಳಿತೈತವ್ವ? ನೀರೂ ಎದೆಯಾಗೇ ನಿಂತ್ಕಂತೈತೆ.”

“ನಾಳೆ ನೋಡಿಸಾಣ, ಬರ್ರಿ.”

“ಸ್ಪ್ರೇ ನೀನೇ ಹೊಡಿ” ಎಂದರು.

ಮರುದಿನ ತಮ್ಮ ಹಲ್ಲಿನ ಸೆಟ್ಟನ್ನು ತಾವೇ ತೆಗೆದು ಲೋಟದಲ್ಲಿಟ್ಟು, ಎಡಮಗ್ಗುಲಿಗೆ ತಿರುಗಿ ಮಲಗಿದರು. ಸ್ಪ್ರೇ ಹೊಡೆದು “ಎರಡೇ ನಿಮಿಷ” ಎಂದೆ. ಏನೇ ಆಗಲಿ, ಕೈಯನ್ನು ಭುಜದಿಂದ ಕದಲಿಸಬಾರದೆಂದು ನಿರ್ಧರಿಸಿದ್ದೆ.

ಟ್ಯೂಬು ಎದೆಯ ಮಟ್ಟಕ್ಕೆ ಇಳಿದು ನಿಂತಿತು. ಡಾಕ್ಟರು ಮಾತಾಡಲಿಲ್ಲ. ಕೈ ಚಾಚಿದರು. ಬಲಗೈಯಿಂದ ಚಿಮಟ ಕೊಟ್ಟೆ. ಎಡಗೈಯಿಂದ ಭುಜವನ್ನು ಇನ್ನೂ ಬಿಗಿಯಾಗಿ ಹಿಡಿದೆ.

ತಿಪ್ಪಕ್ಕ ಕಣ್ಣು ಮುಚ್ಚಿ ಮೂಗಿನಲ್ಲಿ ಉಸಿರಾಡುತ್ತಿದ್ದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ತಡಕಾಡಿ ನನ್ನ ಎಡಗೈಯನ್ನು ಹಿಡಿದು, ಭುಜದಿಂದ ಬಿಡಿಸಿ, ತಾವೇ ತಮ್ಮ ತಲೆಯ ಮೇಲಿಟ್ಟುಕೊಂಡರು.